ಚೌಕದೊಳಗಿನ ಸಭೆ

2020ನೆಯ ಇಸವಿಯ ಯುಗಾದಿ ಬಂದದ್ದು ಮಾರ್ಚ್ 25ರಂದು. ದೇಶವೆಲ್ಲ ಬಾಗಿಲು ಹಾಕಿಕೊಂಡ ಮೊದಲನೆಯ ದಿನವೂ ಅದೇ. ಬೇವಿನ ಎಲೆ ತರಲು ಕೆಳಗಿಳಿಯಲಾಗದೆ ನಮ್ಮಲ್ಲಿ ಅನೇಕರು ಬರಿಯ ಬೆಲ್ಲವನ್ನೇ ಬಾಯಿಗೆ ಹಾಕಿಕೊಂಡ ಹಬ್ಬವದು. ಸಂಘದ ಯುಗಾದಿ ಕವಿಗೋಷ್ಠಿಗೆಂದು ಗೊತ್ತು ಮಾಡಿದ್ದ ಸಭಾಗೃಹಕ್ಕೆ ಬೀಗ ಬಿದ್ದಿತ್ತು. ಮೂರು ವಾರಗಳ ತರುವಾಯ, ತರುಣ ಸದಸ್ಯರಿಬ್ಬರ ಒತ್ತಾಯಕ್ಕೆ ಮಣಿದು, ಅದೇ ಗೋಷ್ಠಿಯನ್ನು ಫೋನಿನ ತೆರೆಯ ಮೇಲೆ ನಡೆಸಿದೆವು. ಹದಿನೇಳು ಮಂದಿ ಸೇರಿದ್ದರು. ಅವರಲ್ಲಿ ಐವರ ಹಣೆ ಮಾತ್ರ ಕಂಡಿತು, ಮೂವರ ಮನೆಯ ಫ್ಯಾನು ಕಂಡಿತು, ಅಧ್ಯಕ್ಷರು ಮೊಮ್ಮಗನ ಹೆಸರಿನಲ್ಲಿ ಕಾಣಿಸಿಕೊಂಡರು. ಆದರೂ ಗೋಷ್ಠಿ ಮುಗಿದಾಗ ಯಾರಿಗೂ ಎದ್ದು ಹೋಗುವ ಮನಸ್ಸಿರಲಿಲ್ಲ. ಹೋಗುವುದಾದರೂ ಎಲ್ಲಿಗೆ?

ಈಗ ಐದು ವರ್ಷಗಳ ಮೇಲಾಯಿತು. ಸಭಾಗೃಹಗಳ ಬೀಗ ಎಂದೋ ತೆರೆದಿದೆ. ಕಾರ್ಯಕ್ರಮಗಳು ಮೊದಲಿನಂತೆ ನಡೆಯುತ್ತಿವೆ. ಇಡ್ಲಿ ವಡೆ ಕೂಡ ಮೊದಲಿನಂತೆಯೇ ಕೊನೆಯ ಸಾಲಿನವರಿಗೆ ಸಾಲದೆ ಹೋಗುತ್ತಿವೆ. ಆದರೆ ತಿಂಗಳಿಗೊಂದರಂತೆ ತೆರೆಯ ಸಭೆಯನ್ನು ನಾವು ಬಿಟ್ಟಿಲ್ಲ. ಕಳೆದ ಕಾರ್ಯಕಾರಿ ಸಮಿತಿಯಲ್ಲಿ, ಇನ್ನು ಇದನ್ನು ನಿಲ್ಲಿಸಬಹುದಲ್ಲ ಎಂಬ ಸೂಚನೆ ಬಂತು. ಸೂಚಿಸಿದವರ ವಾದ ತಳ್ಳಿಹಾಕುವಂಥದ್ದಲ್ಲ. ಮನೆಯಲ್ಲಿ ಕೂತು ನೋಡಬಹುದೆಂದಾದರೆ ಸಭಾಗೃಹಕ್ಕೆ ಬರುವವರು ಕಡಿಮೆಯಾಗುತ್ತಾರೆ. ವೇದಿಕೆಗೆ ತೆರುವ ವಾರ್ಷಿಕ ಶುಲ್ಕವನ್ನು ಸಭಾಗೃಹದ ಬಾಡಿಗೆಗೆ ಹಾಕಬಹುದು. ಉಳಿಸಿಕೊಳ್ಳಬೇಕೆಂದವರಲ್ಲಿಯೂ ಒಮ್ಮತವಿರಲಿಲ್ಲ. ಒಬ್ಬರಿಗೆ ಝೂಮ್ ಬೇಕು, ಇನ್ನೊಬ್ಬರಿಗೆ ಗೂಗಲ್ ಮೀಟ್ ಸಾಕು, ಮತ್ತೊಬ್ಬರು ವಾಟ್ಸಾಪಿನಲ್ಲೇ ಎಲ್ಲವೂ ಆಗುತ್ತದಲ್ಲ ಎಂದರು. ನಿರ್ಣಯ ಮುಂದಿನ ಸಭೆಗೆ ಹೋಯಿತು. ಆ ಮೊದಲು ಈ ವೇದಿಕೆಗಳ ಗುಣದೋಷವನ್ನು ನಮ್ಮ ದೃಷ್ಟಿಯಿಂದ ಒಮ್ಮೆ ನೋಡುವುದು ಒಳ್ಳೆಯದೆಂದು ತೋರಿ ಈ ಬರಹ. ನಾಟಕವನ್ನು ವಿಮರ್ಶಿಸುವವರು ರಂಗಮಂದಿರವನ್ನೂ ಒಮ್ಮೆ ಸುತ್ತಿ ನೋಡಬೇಕಷ್ಟೆ.

ಪತ್ರಿಕೆಗಳಲ್ಲಿ ಬರುವ ಹೋಲಿಕೆಯ ಲೇಖನಗಳು ನಮಗೆ ಹೆಚ್ಚು ಪ್ರಯೋಜನಕ್ಕೆ ಬರಲಿಲ್ಲ. ಎಷ್ಟು ಜನ ಸೇರಬಹುದು, ಎಷ್ಟು ನಿಮಿಷ, ಎಷ್ಟು ಡಾಲರು ಎಂಬ ಪಟ್ಟಿಯಲ್ಲಿ ಅವು ಮುಗಿಯುತ್ತವೆ. ಅವು ಕಚೇರಿಯವರು ಕಚೇರಿಯವರಿಗಾಗಿ ಬರೆದವು. ಕಚೇರಿಯ ಸಭೆಯಲ್ಲಿ ಒಬ್ಬರು ಮಾತಾಡುತ್ತಾರೆ, ಉಳಿದವರು ಸುಮ್ಮನಿರಬೇಕು, ಬೇಗ ಮುಗಿಯಬೇಕು. ನಮ್ಮ ಸಭೆಯ ಧರ್ಮ ಬೇರೆ. ಇಲ್ಲಿ ಭಾಷಣಕಾರನದು ಅರ್ಧ, ಕೇಳುಗರ ಹೂಂಗುಟ್ಟುವಿಕೆ, ನಗು, ಲೊಚಗುಟ್ಟುವಿಕೆ, ಹಿಂದಿನ ಸಾಲಿನ ಪಿಸುಮಾತು ಇವೆಲ್ಲ ಸೇರಿ ಇನ್ನರ್ಧ. ಈ ಇನ್ನರ್ಧವನ್ನು ಯಾವ ವೇದಿಕೆ ಹೇಗೆ ನಡೆಸಿಕೊಳ್ಳುತ್ತದೆ ಎಂಬುದೇ ನಮ್ಮ ಮುಖ್ಯ ಅಳತೆ. ಉಳಿದವನ್ನೂ ನೋಡೋಣ.

ಮೊದಲು ಬಾಗಿಲಿನ ಮಾತು. ಕಂಪ್ಯೂಟರಿನಲ್ಲಿ ಗೂಗಲ್ ಮೀಟಿನ ಬಾಗಿಲು ಎಲ್ಲಕ್ಕಿಂತ ಸಲೀಸು. ಕಳುಹಿಸಿದ ಲಿಂಕನ್ನು ಒತ್ತಿದರೆ ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ, ಬೇರೆ ಏನನ್ನೂ ಇಳಿಸಿಕೊಳ್ಳಬೇಕಿಲ್ಲ. 2017ರಲ್ಲಿ ಸಂಸ್ಥೆಗಳಿಗೆಂದು ಬಂದ ಈ ವೇದಿಕೆಯನ್ನು ಎಲ್ಲರಿಗೂ ಉಚಿತವಾಗಿ ತೆರೆಯುವುದಾಗಿ ಗೂಗಲ್ ಸಾರಿದ್ದು 2020ರ ಏಪ್ರಿಲ್ ಕೊನೆಯಲ್ಲಿ. ಝೂಮಿನ ಬಾಗಿಲಿಗೆ ಎರಡು ಅಗುಳಿ: ಸಭೆಯ ಸಂಖ್ಯೆ, ಗುಪ್ತಪದ, ಅದಕ್ಕೂ ಮೊದಲು ಅದರ ಆ್ಯಪು. ಒಮ್ಮೆ ರೂಢಿಯಾದರೆ ತೊಂದರೆಯಿಲ್ಲ, ಆದರೆ ಆ ಒಮ್ಮೆಗೆ ಮನೆಯಲ್ಲಿ ಮಗನೋ ಮೊಮ್ಮಗಳೋ ಬೇಕು. ಮೈಕ್ರೋಸಾಫ್ಟಿನ ಟೀಮ್ಸ್ ಕಚೇರಿಗೆ ಹೋಗುವವರಿಗೆ ಅಂಗೈಯ ಗೆರೆಯಿದ್ದಂತೆ. ಉಳಿದವರಿಗೆ ಸರಕಾರಿ ಕಚೇರಿಯ ಮೆಟ್ಟಿಲಿದ್ದಂತೆ, ಯಾವ ಖಾತೆಯಲ್ಲಿ ಒಳಗೆ ಬರುವಿರಿ ಎಂದು ಕೇಳುವ ಅದರ ಪ್ರಶ್ನೆಯಲ್ಲೇ ಅರ್ಧ ಉತ್ಸಾಹ ಇಳಿದುಹೋಗುತ್ತದೆ. ಜಿಟ್ಸಿ ಎಂಬುದೊಂದಿದೆ, ನಮ್ಮಲ್ಲಿ ಹೆಚ್ಚಿನವರು ಅದರ ಹೆಸರು ಕೇಳಿರಲಾರರು. 2003ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬೋರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಆರಂಭಿಸಿದ ಕೆಲಸ ಅದು. ಅದರ ಒಳಗುಟ್ಟೆಲ್ಲ ಬಯಲಾಗಿಯೇ ಇದೆ, ಯಾರು ಬೇಕಾದರೂ ತಮ್ಮ ಯಂತ್ರದಲ್ಲಿ ಸ್ಥಾಪಿಸಿಕೊಳ್ಳಬಹುದು. ಹಿಂದೆ ಖಾತೆ ಗೀತೆ ಏನೂ ಕೇಳುತ್ತಿರಲಿಲ್ಲ. ದುರುಪಯೋಗ ಹೆಚ್ಚಿದ್ದರಿಂದ 2023ರ ಆಗಸ್ಟಿನಿಂದ ಅದರ ಸಾರ್ವಜನಿಕ ತಾಣದಲ್ಲಿ ಸಭೆ ತೆರೆಯುವವರಾದರೂ ಗುರುತು ಹೇಳಬೇಕಾಗಿದೆ; ಸೇರುವವರಿಗೆ ಆ ಕಟ್ಟುಪಾಡಿಲ್ಲ.

ವಾಟ್ಸಾಪಿನ ಮಾತು ಬೇರೆ. ಅಲ್ಲಿ ಬಾಗಿಲನ್ನು ಹುಡುಕಿ ಹೋಗಬೇಕಾಗಿಲ್ಲ, ಬಾಗಿಲೇ ನಮ್ಮನ್ನು ಹುಡುಕಿಕೊಂಡು ಬಂದು ಗಂಟೆ ಬಾರಿಸುತ್ತದೆ. ಡೊಂಬಿವಲಿಯಲ್ಲಿ ನಾಲ್ಕನೆಯ ಮಹಡಿಯಲ್ಲಿ ಒಬ್ಬರೇ ಇರುವ ನಮ್ಮ ಹಿರಿಯ ಸದಸ್ಯೆಯೊಬ್ಬರಿದ್ದಾರೆ. ಕಟ್ಟಡಕ್ಕೆ ಲಿಫ್ಟಿಲ್ಲ, ಮಂಡಿಗೆ ಶಕ್ತಿಯಿಲ್ಲ. ಅವರು ಈವರೆಗೆ ಒಂದು ಲಿಂಕನ್ನೂ ಒತ್ತಿದವರಲ್ಲ, ಒತ್ತುವುದಿಲ್ಲ ಎಂದು ಖಂಡಿತವಾಗಿ ಹೇಳಿದ್ದಾರೆ. ಆದರೆ ಫೋನು ಬಾರಿಸಿದರೆ ಎರಡನೆಯ ಗಂಟೆಗೆ ಎತ್ತುತ್ತಾರೆ. ವಾಟ್ಸಾಪಿನ ಗುಂಪುಕರೆಯಲ್ಲಿ 2018ರಲ್ಲಿ ನಾಲ್ವರಿಗೆ, 2020ರ ಏಪ್ರಿಲಿನಿಂದ ಎಂಟು ಮಂದಿಗೆ, 2022ರ ಕೊನೆಯ ಹೊತ್ತಿಗೆ 32 ಮಂದಿಗೆ ಮುಖ ತೋರಿಸುವ ಅವಕಾಶ ಬಂತು. ಅಷ್ಟು ಜನ ಒಂದು ಸಣ್ಣ ಸಭೆಗೆ ಸಾಲದೆಂದೇನಲ್ಲ. ಆದರೆ ಅಲ್ಲಿ ಸಭೆಯನ್ನು ನಡೆಸುವವರೆಂಬುವರ ಹಿಡಿತ ಕಡಿಮೆ. ಕರೆ ಎಂಬುದು ಮನೆಯ ಜಗಲಿ. ಅಲ್ಲಿ ಹರಟೆ ಚೆನ್ನ, ಉಪನ್ಯಾಸ ಒಗ್ಗದು.

ಹೊತ್ತಿನ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಹಣ ಕೊಡದಿದ್ದರೆ ಝೂಮ್ ಗುಂಪಿನ ಸಭೆಗೆ 40 ನಿಮಿಷ ಕೊಡುತ್ತದೆ. 2022ರ ಜುಲೈಯಿಂದ ಇಬ್ಬರೇ ಮಾತಾಡಿದರೂ ಅಷ್ಟೇ. ಮೀಟಿನಲ್ಲಿ ಮೂವರು ಅಥವಾ ಹೆಚ್ಚು ಜನ ಸೇರಿದರೆ 60 ನಿಮಿಷ. ಈ ಮಿತಿಯನ್ನು ಹೇರುತ್ತೇವೆ ಹೇರುತ್ತೇವೆ ಎಂದು 2020ರ ಸೆಪ್ಟೆಂಬರಿನಿಂದ ಮುಂದೂಡುತ್ತ ಬಂದ ಗೂಗಲ್ 2021ರ ನಡುವಿಗೆ ಹೇರಿಯೇಬಿಟ್ಟಿತು. ಟೀಮ್ಸಿನ ಉಚಿತ ಅವಧಿಯೂ 60 ನಿಮಿಷವೇ. ಮೂರರಲ್ಲಿಯೂ ನೂರು ಮಂದಿ ಸೇರಬಹುದು. ನೂರು ಮಂದಿ ಸೇರುವ ಚಿಂತೆ ನಮಗಿಲ್ಲ.

40 ನಿಮಿಷ ಸಾಲದು ಎಂದು ದೂರುವ ಮೊದಲು ಒಂದು ಸತ್ಯವನ್ನು ಒಪ್ಪಿಕೊಳ್ಳಬೇಕು. ಸಭಾಗೃಹದಲ್ಲಿ ನಮ್ಮ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿಗಳ ಪರಿಚಯ, ಹೂಗುಚ್ಛ ಸಮರ್ಪಣೆ, ಸಮರ್ಪಿಸಿದವರ ಛಾಯಾಚಿತ್ರ ಇಷ್ಟಕ್ಕೇ 40 ನಿಮಿಷ ಹೋಗುತ್ತಿತ್ತು. ತೆರೆಯ ಮೇಲೆ ಹೂಗುಚ್ಛ ಕೊಡುವ ಉಪಾಯವಿಲ್ಲದ್ದರಿಂದ ಉಪನ್ಯಾಸ ಆರನೆಯ ನಿಮಿಷಕ್ಕೆ ಆರಂಭವಾದ ದಾಖಲೆ ನಮ್ಮ ನಡಾವಳಿ ಪುಸ್ತಕದಲ್ಲಿದೆ. ಇಷ್ಟರ ಮಟ್ಟಿಗೆ ಆ ಕಂಪನಿಗಳು ಕನ್ನಡ ಸಂಘಗಳಿಗೆ ಉಪಕಾರವನ್ನೇ ಮಾಡಿವೆ.

ಇನ್ನು ಸದ್ದಿನ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಝೂಮನ್ನು 2011ರಲ್ಲಿ ಕಟ್ಟಿದ ಎರಿಕ್ ಯುವಾನ್ ಚೀನದಲ್ಲಿ ಹುಟ್ಟಿ ಬೆಳೆದು ಅಮೆರಿಕಕ್ಕೆ ವಲಸೆ ಹೋದವರು. ವಿದ್ಯಾರ್ಥಿಯಾಗಿದ್ದಾಗ, ಮುಂದೆ ಮಡದಿಯಾದ ಹುಡುಗಿಯನ್ನು ಕಾಣಲು ಹತ್ತು ಗಂಟೆ ರೈಲಿನಲ್ಲಿ ಹೋಗಬೇಕಾಗುತ್ತಿತ್ತು, ಇಂಥದೊಂದು ಸಾಧನದ ಕನಸು ಆಗಲೇ ಬಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಮತ್ಸ್ಯಗಂಧ ರೈಲಿನಲ್ಲಿ ರಾತ್ರಿ ಕಳೆದು ಊರು ಸೇರುವ ನಮಗೆ ಆ ಕನಸು ಅರ್ಥವಾಗದ್ದಲ್ಲ. ಆದರೆ ಅವರು ಪಳಗಿದ್ದು ವೆಬೆಕ್ಸ್ ಎಂಬ, ಕಂಪನಿಗಳಿಗೆ ಸಭೆ ನಡೆಸಿಕೊಡುವ ಸಂಸ್ಥೆಯಲ್ಲಿ. ಅಗಲಿಕೆಯಲ್ಲಿ ಹುಟ್ಟಿದ ಯೋಚನೆ ಕಚೇರಿಯಲ್ಲಿ ಬೆಳೆಯಿತು. ಹೀಗಾಗಿ, ಝೂಮ್ ಇರಲಿ, ಮೀಟ್ ಇರಲಿ, ಟೀಮ್ಸ್ ಇರಲಿ, ಎಲ್ಲವೂ ಒಂದು ನಂಬಿಕೆಯ ಮೇಲೆ ನಿಂತಿವೆ: ಮಾತನಾಡುತ್ತಿರುವವನ ದನಿಯೊಂದೇ ದನಿ, ಉಳಿದದ್ದು ಗದ್ದಲ.

ಅದು ಹೇಗೆ ಕೆಲಸ ಮಾಡುತ್ತದೆಂದು ಸ್ಥೂಲವಾಗಿ ಹೇಳುತ್ತೇವೆ. ನಿಮ್ಮ ಫೋನಿನ ಸ್ಪೀಕರಿನಿಂದ ಬಂದ ಮಾತು ನಿಮ್ಮ ಮೈಕಿಗೇ ಹೊಕ್ಕು ಮರುದನಿಯಾಗಿ ಹಿಂತಿರುಗಬಾರದೆಂದು ಯಂತ್ರ ಅದನ್ನು ಅಳಿಸುತ್ತದೆ. ಹಾಗೆ ಅಳಿಸುವ ಭರದಲ್ಲಿ, ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಒಬ್ಬರ ದನಿಯನ್ನು ಒತ್ತಿಬಿಡುವುದುಂಟು. ಇದರ ಮೇಲೆ ಸದ್ದು ಸೋಸುವ ಇನ್ನೊಂದು ಏರ್ಪಾಡು. ಒಂದೇ ಸಮನಾಗಿ ಬರುವ ನಾದವೆಲ್ಲ ಅದರ ಪಾಲಿಗೆ ಫ್ಯಾನು, ಇಲ್ಲವೆ ಮಿಕ್ಸರು. ಆದ್ದರಿಂದ ಹಾಡುವವರು ಶ್ರುತಿಪೆಟ್ಟಿಗೆ ಹಾಕಿಕೊಂಡು ಕೂತರೆ, ತುಸು ಹೊತ್ತಿನಲ್ಲಿ ಯಂತ್ರ ಶ್ರುತಿಯನ್ನು ಕಸವೆಂದು ಗುಡಿಸಿ ಹಾಕುತ್ತದೆ. ಹಾಡುವವರಿಗೆ ಶ್ರುತಿ ಕೇಳುತ್ತಿರುತ್ತದೆ, ಕೇಳುವವರಿಗೆ ಬರಿಯ ಕೊರಳು. ಸಂಗೀತ ಬಲ್ಲವರು ಇದಕ್ಕಿಂತ ಹೆಚ್ಚಿನ ಅನ್ಯಾಯವನ್ನು ಊಹಿಸಲಾರರು.

ಇದಕ್ಕೆ ಮದ್ದಿದೆ, ಆದರೆ ಎಲ್ಲ ಅಂಗಡಿಯಲ್ಲಿ ಒಂದೇ ಸಮನಾಗಿ ಸಿಗುವುದಿಲ್ಲ. ಝೂಮಿನಲ್ಲಿ ಸದ್ದನ್ನು ಸೋಸದೆ ಹಾಗೆಯೇ ಕಳುಹಿಸುವ ಗುಂಡಿಯೊಂದಿದೆ. 2020ರ ಸೆಪ್ಟೆಂಬರಿನಲ್ಲಿ ಅದಕ್ಕೆ ಸಂಗೀತಗಾರರಿಗೆಂದೇ ಉತ್ತಮ ದರ್ಜೆಯ ಏರ್ಪಾಡು ಸೇರಿತು. ಟೀಮ್ಸಿನವರೂ 2021ರಲ್ಲಿ ಸಂಗೀತಕ್ಕೆಂದು ಇಂಥದೇ ಒಂದನ್ನು ತಂದರು. ಮೀಟಿನವರ ಗಮನ ಬಹುಕಾಲ ಸೋಸುವ ಕಡೆಗೇ ಇತ್ತು. 2020ರಲ್ಲಿ ಅವರು ಸದ್ದು ಸೋಸುವ ಹೊಸ ವಿಧಾನವನ್ನು ತಂದಾಗ ಅದನ್ನು ಮೊದಲು ಕೊಟ್ಟದ್ದು ಹಣ ತೆರುವ ಸಂಸ್ಥೆಗಳಿಗೆ. ಮಾತಿಗೆ ಮೀಟ್ ಸಾಕು, ಬೇಕಾದಷ್ಟು ಸಾಕು. ಹಾಡಿಗೆ ಝೂಮಿನ ಆ ಗುಂಡಿಯೇ ಮೇಲು. ಗುಂಡಿ ಒತ್ತುವವರು ಕಿವಿಗೆ ಹೆಡ್‌ಫೋನು ಹಾಕಿಕೊಳ್ಳಲೇಬೇಕು, ಇಲ್ಲವಾದರೆ ಅಳಿಸದೆ ಬಿಟ್ಟ ಮರುದನಿ ಸಭೆಯನ್ನೇ ಎಬ್ಬಿಸಿ ಕೂರಿಸುತ್ತದೆ.

ಯಾವ ಗುಂಡಿಗೂ ಬಗ್ಗದ ಕಷ್ಟ ಒಂದಿದೆ, ವಿಳಂಬ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಈ ವೇದಿಕೆಗಳಲ್ಲಿ ಒಂದು ಮಾತು ಒಂದು ಮನೆಯಿಂದ ಇನ್ನೊಂದನ್ನು ಮುಟ್ಟಲು ಸೆಕೆಂಡಿನ ನೂರರಲ್ಲಿ ಹದಿನೈದು ಭಾಗ ಹಿಡಿಯುವುದು ಸಾಮಾನ್ಯ. ಲೆಕ್ಕ ಹಾಕಿ ನೋಡಿ: ಐವತ್ತು ಮೀಟರು ಆಚೆ ನಿಂತವರ ಜೊತೆ ತಾಳ ಹಾಕಿದಂತಾಯಿತು. ಮಾತಿಗೆ ಇದು ಅಷ್ಟಾಗಿ ಅಡ್ಡಿಯಲ್ಲ, ಭಜನೆಗೆ ಪೂರ್ಣ ಅಡ್ಡಿ. ನಮ್ಮ ಶನಿವಾರದ ಭಜನೆಯನ್ನು ಒಮ್ಮೆ ಹೀಗೆ ಪ್ರಯತ್ನಿಸಿದೆವು. ಮಾಟುಂಗದಲ್ಲಿ ಪಲ್ಲವಿ ಮುಗಿದು ಚರಣ ಹಿಡಿದಾಗ ವಸಯಿಯಿಂದ ಪಲ್ಲವಿಯ ಬಾಲ ಬರುತ್ತಿತ್ತು. ನೇರೂಳಿನವರು ತಾವೇ ಮುಂದಾದೆವೆಂದು ತಿಳಿದು ನಿಲ್ಲಿಸಿ ಕಾದರು. ದೇವರು ಕ್ಷಮಿಸಿರಬೇಕು. ಅಂದಿನಿಂದ ಒಬ್ಬರು ಹಾಡುವುದು, ಉಳಿದವರು ತಮ್ಮ ಸದ್ದು ಮುಚ್ಚಿ ಮನೆಯಲ್ಲೇ ದನಿಗೂಡಿಸುವುದು ಎಂದಾಯಿತು. ಪ್ರತಿ ಮನೆಯಲ್ಲೂ ಇಬ್ಬರದೇ ಭಜನೆ.

ತಾಳಮದ್ದಳೆ ಮಾತ್ರ ನಾವು ಹೆದರಿದಷ್ಟು ಕೆಡಲಿಲ್ಲ. ಭಾಗವತರು, ಮದ್ದಳೆ, ಚೆಂಡೆ ಮೂವರನ್ನೂ ಒಂದೇ ಮನೆಯಲ್ಲಿ ಕೂರಿಸಿ, ಅರ್ಥಧಾರಿಗಳು ಅವರವರ ಮನೆಯಿಂದ ಮಾತಾಡಿದರು. ಸೋಸುವ ಏರ್ಪಾಡು ಇದ್ದಷ್ಟು ಹೊತ್ತು ಚೆಂಡೆಯ ಮೊದಲ ಪೆಟ್ಟು ಮಾತ್ರ ಕೇಳಿ ಉಳಿದವು ನುಂಗಿಹೋಗುತ್ತಿದ್ದವು. ಅದನ್ನು ತೆಗೆದ ಮೇಲೆ ಒರಟಾಗಿಯಾದರೂ ಪೂರ್ತಿ ಕೇಳಿಸಿತು. ದೀರ್ಘವಾದ ಪೀಠಿಕೆಗಳು ಸಭಾಗೃಹಕ್ಕಿಂತ ಸ್ಪಷ್ಟವಾಗಿ ಕಿವಿಗೆ ಬಿದ್ದವು ಎಂದು ಹೇಳಿದವರೂ ಇದ್ದಾರೆ. ಕೆಟ್ಟದ್ದು ಸಂವಾದ. ಪ್ರಸಂಗ ವಾಲಿವಧೆ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯೇಕೆ ಎಂದು ವಾಲಿ ಕೇಳುತ್ತಾನೆ. ರಾಮನ ಉತ್ತರ ಥಟ್ಟನೆ ಬರಬೇಕು. ತಂತಿಯಲ್ಲಿ ಕಾಲು ಸೆಕೆಂಡು, ಪ್ರಶ್ನೆ ಮುಗಿಯಿತೋ ಇಲ್ಲವೋ ಎಂಬ ಅನುಮಾನದಲ್ಲಿ ಇನ್ನೊಂದು ಸೆಕೆಂಡು. ಅಷ್ಟರಲ್ಲಿ ಸಭೆಗೆ ರಾಮನ ಬಳಿ ಉತ್ತರವಿಲ್ಲವೆಂದೇ ತೋರಿತು. ಅಂದು ರಾಮನ ಪಾತ್ರ ವಹಿಸಿದವರು ನಮ್ಮಲ್ಲಿ ಒಳ್ಳೆಯ ವಾಗ್ಮಿ. ಆದರೂ ಪ್ರತಿ ಸುತ್ತಿನಲ್ಲೂ ವಾಲಿಯೇ ಗೆದ್ದ.

ಮುಖಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಕಂಪ್ಯೂಟರಿನಲ್ಲಾದರೆ ಝೂಮ್ 49 ಮುಖಗಳನ್ನು ಒಟ್ಟಿಗೆ ತೋರಿಸುತ್ತದೆ. ಮೀಟ್ 2020ರ ಏಪ್ರಿಲಿನಲ್ಲಿ 16ಕ್ಕೆ ಬಂದು, ಅದೇ ವರ್ಷ ಅದೂ 49ಕ್ಕೆ ಏರಿತು. ಫೋನು ಹಿಡಿದವರಿಗೆ ಕೆಲವೇ ಮುಖ, ಉಳಿದವರನ್ನು ಬೆರಳಿನಿಂದ ಸರಿಸಿ ಸರಿಸಿ ಹುಡುಕಬೇಕು. ಎಲ್ಲರನ್ನೂ ಒಂದೇ ಸಭಾಗೃಹದ ಚಿತ್ರದಲ್ಲಿ ಕೂರಿಸುವ ಏರ್ಪಾಡನ್ನು ಟೀಮ್ಸಿನವರು 2020ರ ಜುಲೈಯಲ್ಲಿ ತಂದಿದ್ದರು, ತಮಾಷೆಯಾಗಿತ್ತು, ಅಷ್ಟೇ. ತೆರೆಯ ಸಭೆಯಿಂದ ಬರುವ ಆಯಾಸಕ್ಕೆ ಇಡೀ ಹೊತ್ತು ತನ್ನ ಮುಖವನ್ನು ತಾನೇ ನೋಡುತ್ತಿರುವುದು ಒಂದು ಕಾರಣವೆಂದು ಸ್ಟ್ಯಾನ್‌ಫರ್ಡಿನ ಪ್ರಾಧ್ಯಾಪಕ ಜೆರೆಮಿ ಬೇಲೆನ್ಸನ್ 2021ರಲ್ಲಿ ಬರೆದರು. ಸರಿಯಾದ ಮಾತು. ನಮ್ಮ ಮುಖವನ್ನು ನಮಗೆ ಮಾತ್ರ ಮರೆಮಾಡುವ ಸೌಕರ್ಯ ಝೂಮಿನಲ್ಲಿದೆ, ಬಳಸುವುದು ಲೇಸು. ಇನ್ನೊಂದು ಗುಣವನ್ನು ಹೇಳದೆ ಹೋಗಬಾರದು. ಸಭಾಗೃಹದಲ್ಲಿ ಮೊದಲ ಸಾಲಿನ ಸೋಫಾಗಳು ಯಾರಿಗೆ ಮೀಸಲೆಂಬುದು ಎಲ್ಲರಿಗೂ ಗೊತ್ತು. ತೆರೆಯ ಮೇಲೆ ಮಹಾಪೋಷಕರಿಗೂ ಅವರ ಹೋಟೆಲಿನ ಗಲ್ಲಾದಲ್ಲಿ ಕೂರುವ ಹುಡುಗನಿಗೂ ಒಂದೇ ಅಳತೆಯ ಚೌಕ.

ಭದ್ರತೆಯ ಬಗೆಗೆ ನಮ್ಮ ಕೆಲವು ಸದಸ್ಯರಲ್ಲಿ ಇಂದಿಗೂ ಉಳಿದಿರುವ ಭಯಕ್ಕೆ ಒಂದು ಮಾತು. 2019ರ ಡಿಸೆಂಬರಿನಲ್ಲಿ ದಿನವೊಂದಕ್ಕೆ 1 ಕೋಟಿಯಷ್ಟಿದ್ದ ಝೂಮಿನ ಹಾಜರಿ 2020ರ ಏಪ್ರಿಲಿನಲ್ಲಿ 30 ಕೋಟಿಗೆ ಏರಿತು. ಒಬ್ಬರೇ ಎರಡು ಸಭೆ ಸೇರಿದರೆ ಎರಡೆಂದು ಎಣಿಸಿದ ಲೆಕ್ಕವಿದು. ಅಷ್ಟು ಜನ ನುಗ್ಗಿದಾಗ ಪುಂಡರೂ ನುಗ್ಗಿದರು. ಆ ತಿಂಗಳು 16ರಂದು ನಮ್ಮ ಗೃಹ ಇಲಾಖೆ ಅದು ಸುರಕ್ಷಿತವಲ್ಲವೆಂದು ಎಚ್ಚರಿಕೆ ಹೊರಡಿಸಿತು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮಾತು ಗುಪ್ತವಾಗಿರುತ್ತದೆಂದು ಕಂಪನಿ ಹೇಳಿಕೊಂಡಿದ್ದು ನಿಜವಾಗಿರಲಿಲ್ಲ. ಅಂಥ ಗುಪ್ತತೆ ಅಲ್ಲಿಗೆ ಬಂದದ್ದು 2020ರ ಅಕ್ಟೋಬರಿನಲ್ಲಿ, ಅದೂ ಬೇಕೆಂದು ಆರಿಸಿಕೊಂಡವರಿಗೆ. ವಾಟ್ಸಾಪಿನ ಕರೆಗಳಲ್ಲಿ ಅದು ಅಷ್ಟರೊಳಗೇ ಬಂದಿತ್ತು. ನಮ್ಮ ಸಭೆಯಲ್ಲಿ ಗುಟ್ಟು ಎಂಬುದು ಯಾವುದೂ ಇಲ್ಲ, ಖಜಾಂಚಿಯವರ ಲೆಕ್ಕವೊಂದನ್ನು ಬಿಟ್ಟು. ಲಿಂಕನ್ನು ಬೀದಿಗೆ ಹಾಕದಿದ್ದರೆ, ಬಾಗಿಲಲ್ಲಿ ಒಬ್ಬರು ಕೂತು ಬಂದವರ ಹೆಸರು ನೋಡಿ ಒಳಗೆ ಬಿಟ್ಟರೆ ಸಾಕು. ಝೂಮಿನಲ್ಲಿ ಹಾಗೆ ಕಾಯಿಸುವ ಕೋಣೆ 2020ರ ಏಪ್ರಿಲಿನಿಂದ ತಾನಾಗಿಯೇ ಇರುತ್ತದೆ. ಯಕ್ಷಗಾನ ಬಲ್ಲ ನಮ್ಮ ಸದಸ್ಯರು ಅದಕ್ಕೆ ಚೌಕಿ ಎಂದು ಹೆಸರಿಟ್ಟಿದ್ದಾರೆ.

ಈಗ ಧ್ವನಿಮುದ್ರಣದ ಮಾತು. ಹಣ ಕೊಡದೆಯೂ ಝೂಮಿನ ಸಭೆಯನ್ನು ನಮ್ಮ ಕಂಪ್ಯೂಟರಿನಲ್ಲಿ ಮುದ್ರಿಸಿಟ್ಟುಕೊಳ್ಳಬಹುದು. ಮೀಟಿನ ಉಚಿತ ಖಾತೆಯಲ್ಲಿ ಆ ಸೌಲಭ್ಯವಿಲ್ಲ. ಮುದ್ರಿಸಿದ್ದು ನಮ್ಮ ಕೈಯಲ್ಲೇ ಇರುವುದು ಒಳ್ಳೆಯದು. 2003ರಲ್ಲಿ ಹುಟ್ಟಿದ ಸ್ಕೈಪ್ ನಮ್ಮಲ್ಲಿ ಎಷ್ಟೋ ಮನೆಗಳಿಗೆ ಅಮೆರಿಕದ ಮಗಳ ಮುಖವನ್ನು ಮೊದಲು ತೋರಿಸಿತು. 2011ರಲ್ಲಿ 850 ಕೋಟಿ ಡಾಲರಿಗೆ ಅದನ್ನು ಕೊಂಡ ಮೈಕ್ರೋಸಾಫ್ಟು 2025ರ ಮೇ 5ರಂದು ಮುಚ್ಚಿಬಿಟ್ಟಿತು.

ಮುದ್ರಣದ ಮಾತು ಬಂದಾಗ ನಮಗೆ ನೆನಪಾಗುವುದು 2021ರ ಫೆಬ್ರವರಿಯ ಸಭೆ. ನಮ್ಮ ಸಂಘದ ಅತ್ಯಂತ ಹಿರಿಯ ಸದಸ್ಯರು ತಮ್ಮ ಮುಂಬಯಿಯ ಮೊದಲ ದಿನಗಳನ್ನು ಕುರಿತು ಮಾತಾಡಿದರು. ಹದಿಮೂರರ ವಯಸ್ಸಿನಲ್ಲಿ ಊರಿನಿಂದ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಮೆಟ್ರಿಕ್ ಮುಗಿಸಿದವರು. ಒಂದು ಗಂಟೆ ಹತ್ತು ನಿಮಿಷ ಮಾತಾಡಿದರು. ಆ ಮುದ್ರಣ ನಮ್ಮಲ್ಲಿದೆ. ಈ ಬರಹಕ್ಕಾಗಿ ಅದನ್ನು ಮತ್ತೊಮ್ಮೆ ಕೇಳಿದೆವು.

ಅವರು ನಗಿಸುವ ಮಾತುಗಾರರು. ಪ್ರತಿ ನಗೆಮಾತಿನ ಕೊನೆಗೆ ತುಸು ನಿಲ್ಲುವುದು ಅವರ ಅಭ್ಯಾಸ, ನಗು ಬಂದು ಹೋಗಲೆಂದು. ಮುದ್ರಣದಲ್ಲಿ ಅವರು ನಿಲ್ಲುತ್ತಾರೆ, ಏನೂ ಬರುವುದಿಲ್ಲ. ಮತ್ತೆ ಮುಂದುವರಿಯುತ್ತಾರೆ. ಮೊದಲ ಅರ್ಧ ಗಂಟೆಯಲ್ಲಿ ನಾಲ್ಕು ಸಲ, "ಕೇಳ್ತಾ ಉಂಟಲ್ಲ?" ಎಂದು ವಿಚಾರಿಸುತ್ತಾರೆ. ನಾಲ್ಕು ಸಲವೂ ನಮ್ಮ ಕಾರ್ಯದರ್ಶಿಗಳೊಬ್ಬರೇ, "ಕೇಳ್ತಾ ಇದೆ ಸರ್, ಮುಂದುವರಿಸಿ" ಎನ್ನುತ್ತಾರೆ. ಆಮೇಲೆ ಅವರು ನಿಲ್ಲುವುದನ್ನೇ ಬಿಟ್ಟಿದ್ದಾರೆ. ಕೊನೆಯ ನಲವತ್ತು ನಿಮಿಷ ನಗೆಯ ಮಾತೇ ಇಲ್ಲ, ಇಸವಿಗಳು, ಹೆಸರುಗಳು, ಬೀದಿಗಳು. ಅಂದು ಮೂವತ್ತೆರಡು ಮನೆಗಳಲ್ಲಿ ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಆ ನಗು ಅವರಿಗೆ ಮುಟ್ಟಲಿಲ್ಲ. ಯಾವ ಕಂಪನಿಯ ತಪ್ಪೂ ಅಲ್ಲ ಅದು. ಸಭೆ ಶಿಸ್ತಾಗಿ ನಡೆಯಬೇಕೆಂದು ಆರಂಭದಲ್ಲೇ ಎಲ್ಲರ ಸದ್ದನ್ನೂ ಒಂದೇ ಗುಂಡಿಯಲ್ಲಿ ಮುಚ್ಚಿದವರು ನಾವೇ.

ಆ ವರ್ಷದ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಎರಡನೆಯ ಅಲೆಯ ಕಾಲ, ಅಂತಿಮ ದರ್ಶನಕ್ಕೂ ಹೋಗಲಾಗಲಿಲ್ಲ. ಶ್ರದ್ಧಾಂಜಲಿ ಸಭೆಯೂ ತೆರೆಯ ಮೇಲೆಯೇ. ಒಂದು ನಿಮಿಷ ಮೌನವೆಂದು ಅಧ್ಯಕ್ಷರು ಎದ್ದು ನಿಂತರು. ಸಭಾಗೃಹದ ಮೌನದಲ್ಲಿ ಫ್ಯಾನಿನ ಸದ್ದು, ಯಾರದೋ ಕೆಮ್ಮು, ಹೊರಗಿನ ಲೋಕಲ್ ರೈಲಿನ ಸದ್ದು ಇರುತ್ತದೆ. ಇಲ್ಲಿ ಯಂತ್ರ ಅವೆಲ್ಲವನ್ನೂ ಸೋಸಿಬಿಟ್ಟಿತ್ತು. ಇಪ್ಪತ್ತು ಸೆಕೆಂಡು ಕಳೆಯುವಷ್ಟರಲ್ಲಿ ಯಾರೋ, "ಹಲೋ, ಲೈನ್ ಕಟ್ಟಾಯ್ತಾ?" ಎಂದರು. ಇನ್ನೊಬ್ಬರು, "ನನಗೂ ಕೇಳಿಸ್ತಿಲ್ಲ" ಎಂದರು. ಅವರನ್ನು ದೂರಿ ಫಲವಿಲ್ಲ. ಆ ಮೌನ ನಮಗೂ ಹಾಗೆಯೇ ತೋರಿತ್ತು.

ಹೀಗಿದ್ದೂ ತೆರೆಯ ಸಭೆಯನ್ನು ನಿಲ್ಲಿಸಬೇಕೆನ್ನುವವರ ಕಡೆಗೆ ನಾವು ಸೇರುವುದಿಲ್ಲ. ಕಾರಣ ಸಂಖ್ಯೆಯಲ್ಲ. ಸಭಾಗೃಹದಲ್ಲಿ ನೂರು, ತೆರೆಯಲ್ಲಿ ಮೂವತ್ತು ಎಂಬುದು ಸರಿ. ಆದರೆ ಆ ಮೂವತ್ತು ಮಂದಿ ಆ ನೂರರಲ್ಲಿ ಕಳೆದವರಲ್ಲ. ಹಾಜರಿಯ ಪುಸ್ತಕ ತೆರೆದು ನೋಡಿದರೆ, ಅವರಲ್ಲಿ ಹತ್ತೊಂಬತ್ತು ಮಂದಿ ಕಳೆದ ಎರಡು ವರ್ಷಗಳಲ್ಲಿ ಸಭಾಗೃಹಕ್ಕೆ ಒಮ್ಮೆಯೂ ಬಂದಿಲ್ಲ, ಬರಲಾರರು. ಕೆಲವರು ನಿವೃತ್ತರಾಗಿ ಕುಂದಾಪುರ, ಕಾರ್ಕಳದ ಕಡೆ ಹೋಗಿ ನೆಲೆಸಿದ್ದಾರೆ. ಕೆಲವರು ಪುಣೆಯಲ್ಲಿ ಮಗನ ಮನೆಯಲ್ಲಿದ್ದಾರೆ. ಇಬ್ಬರು ಹಾಸಿಗೆ ಹಿಡಿದಿದ್ದಾರೆ. ಸಂಘಕ್ಕೆ ಐವತ್ತು ವರ್ಷ ದುಡಿದವರಿಗೆ ಮೆಟ್ಟಿಲು ಹತ್ತಲಾಗದು ಎಂಬ ಒಂದೇ ಕಾರಣಕ್ಕೆ ಬಾಗಿಲು ಹಾಕುವುದನ್ನು ನಾವು ಒಪ್ಪಲಾರೆವು.

ಇನ್ನು ಯಾವುದು ಎಂಬ ಪ್ರಶ್ನೆ. ತಿಂಗಳ ಕಾರ್ಯಕ್ರಮಕ್ಕೆ ಹಣ ಕೊಟ್ಟು ಪಡೆದ ಝೂಮ್ ಇರಲಿ ಎಂಬುದು ನಮ್ಮ ಅಭಿಪ್ರಾಯ. ಹಾಡು, ಚೆಂಡೆ, ಮುದ್ರಣ ಮೂರಕ್ಕೂ ಸದ್ಯಕ್ಕೆ ಅದೇ ಒಗ್ಗುತ್ತದೆ. ಕಾರ್ಯಕಾರಿ ಸಮಿತಿಗೂ ಪುಸ್ತಕ ಬಳಗಕ್ಕೂ ಮೀಟಿನ ಉಚಿತ 60 ನಿಮಿಷ ಧಾರಾಳ. ಸಮಿತಿಯ ಸಭೆ 60 ನಿಮಿಷಕ್ಕೆ ಕಡಿದುಹೋಗುವುದು ಎಲ್ಲ ರೀತಿಯಿಂದಲೂ ಅಪೇಕ್ಷಣೀಯ. ಟೀಮ್ಸ್ ಕೆಟ್ಟದ್ದಲ್ಲ, ಅದು ನಮ್ಮ ಮನೆಯ ಪಾತ್ರೆಯಲ್ಲ. ತರುಣರಲ್ಲಿ ಯಾರಿಗಾದರೂ ಹುಮ್ಮಸ್ಸಿದ್ದರೆ ಜಿಟ್ಸಿಯನ್ನು ಸಂಘದ ಸ್ವಂತ ಯಂತ್ರದಲ್ಲಿ ನಿಲ್ಲಿಸುವ ಪ್ರಯತ್ನ ಮಾಡಬಹುದು. ಸ್ವಂತ ಕಟ್ಟಡ ಕಟ್ಟಿಸಲು ನಾವು ಪಟ್ಟ ಪಾಡು ನೆನಪಿರುವವರು ಮಾತ್ರ ಆ ಮಾತೆತ್ತುವಾಗ ಮೆಲ್ಲನೆ ಎತ್ತುತ್ತಾರೆ. ಮಹಾಸಭೆಯ ಮತದಾನವನ್ನು ತೆರೆಯೊಂದರ ಮೇಲೆಯೇ ನಡೆಸಕೂಡದು. ಕೈ ಎತ್ತುವ ಚಿಹ್ನೆಯನ್ನು ಒತ್ತಲು ತಿಳಿಯದ ಹಿರಿಯರ ಮತ ಯಾರ ಪಾಲಿಗೆ ಹೋಗುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲರ ಸದ್ದು ಮುಚ್ಚುವ ಗುಂಡಿಯ ಬಗೆಗೆ ಒಂದು ಪ್ರಯೋಗ ಕಳೆದ ದೀಪಾವಳಿಯಿಂದ ನಡೆದಿದೆ. ಮನೆಯಲ್ಲಿ ಗದ್ದಲ ಕಡಿಮೆ ಇರುವ ಆರು ಸದಸ್ಯರನ್ನು ಆರಿಸಿ, ಅವರ ಮೈಕನ್ನು ಸಭೆಯುದ್ದಕ್ಕೂ ತೆರೆದಿಡುತ್ತೇವೆ. ಅವರ ಕೆಲಸ ಹೂಂಗುಟ್ಟುವುದು, ನಗೆ ಬಂದರೆ ನಗುವುದು. ಒಂದೊಂದು ಸಲ ಅವರ ನಗು ಮಾತಿನ ಮೇಲೆ ಬಿದ್ದು ಒಂದೆರಡು ಪದ ಕಳೆದುಹೋಗುತ್ತವೆ. ಕಳೆದ ತಿಂಗಳ ಅತಿಥಿಗಳು ಮಾತು ಮುಗಿಸಿದ ಮೇಲೆ, ಎದುರಿಗೆ ಯಾರೋ ಇದ್ದಾರೆಂದು ಅನ್ನಿಸಿತು ಎಂದರು.

ಮುಂದಿನ ತಿಂಗಳ ತಾಳಮದ್ದಳೆಗೂ ಆರು ಹೆಸರು ಬೇಕಾಗಿದೆ. ಡೊಂಬಿವಲಿಯ ಆ ಅಮ್ಮನವರನ್ನೂ ಸೇರಿಸಿಕೊಳ್ಳುವ ಯೋಚನೆಯಿದೆ. ಲಿಂಕ್ ಒತ್ತುವ ಗೋಜು ಅವರಿಗಿಲ್ಲ; ಕಾರ್ಯದರ್ಶಿಗಳು ಅವರಿಗೆ ಫೋನು ಮಾಡಿ, ಆ ಫೋನನ್ನು ಕಂಪ್ಯೂಟರಿನ ಪಕ್ಕದಲ್ಲಿಡುತ್ತಾರೆ. ಏಳೂವರೆಗೆ ಅವರ ಮನೆಯಲ್ಲಿ ಕುಕ್ಕರ್ ಕೂಗುತ್ತದಂತೆ, ಸಭೆಗೆ ತೊಂದರೆಯಾಗದೇ ಎಂದು ಕೇಳಿದರು. ಮೂರು ಸೀಟಿ ತಾನೇ ಅಮ್ಮ, ಕೂಗಲಿ ಎಂದು ಹೇಳಿದ್ದೇವೆ.